ನಡಗದ ಗ್ವಾಡಿ

ಹುಬ್ಬಳ್ಳಿ ಗಣೇಶಪೇಟಿ ಸಂದ್ಯಾಗ
ಹಿಟ್ಟಿನ ಗಿರಣಿ ಮ್ಯಾಲೆ ನಮ್ಮನಿ.
ಮುಂಜಾನೆ ಆರಕ್ಕ ಅಪ್ಪ ಪಟ್ಟಾ ಏರಿಸಿದ ಅಂದ್ರ
ಗ್ವಾಡಿ ನಡಗತಿತ್ತು,
ಗ್ವಾಡಿ ಮ್ಯಾಲಿನ ಅಜ್ಜನ ಫೋಟೋ ನಡಗತಿತ್ತು,
ಬಸಿಯೊಳಗಿನ ಚಹಾ
ಸಣ್ಣ ಸಣ್ಣ ಬಳಿ ಇಟಗೊಳ್ಳತಿತ್ತು.
ಖಾರ ಬೀಸೋ ಹಂಗಾಮಿನ್ಯಾಗ
ಇಡೀ ಸಂದಿ ಒಂದ ಮೂಗಿಲೆ ಸೀನತಿತ್ತು.
ಮಾತಂದ್ರ ನಮ್ಮನ್ಯಾಗ ಒದರೂದು.
ಉಪ್ಪು ಕೊಡ ಅನ್ನೂದನ್ನೂ ಒದರೇ ಹೇಳೂದು.
ಒದರಲಾರದ ಹೇಳಿದ್ದು ಅಂದ್ರ
ಬರೇ ಸಾವಿನ ಸುದ್ದಿ.

ಈಗ ಗದಗಿನ ಹೊರಗ, ಬೈಪಾಸ್ ದಾಟಿ,
ಎರಿಮಣ್ಣಿನ ನಟ್ಟನಡುವ ಕಾಲೇಜು.
ಯಾರೋ ತಂದು ಇಳಿಸಿ
ವಾಪಸ್ ಒಯ್ಯೂದು ಮರತಂಗ ಐತಿ.
ಗೇಟಿನ ಮುಂದ ಒಂದ ಜೆರಾಕ್ಸ್ ಅಂಗಡಿ,
ಅದೂ ಕರೆಂಟ್ ಇದ್ರ.
ಗಿರ್ಮಿಟ್ ಬೇಕಂದ್ರ ಪ್ಯಾಟಿಗೆ ಹೋಗಬೇಕು,
ಪ್ಯಾಟಿಗೆ ಹೋದ್ರ ಏಳೂ ಹತ್ತರ ಬಸ್ಸಿಗೆ ಬರಬೇಕು,
ತಪ್ಪಿದ್ರ ವಾರ್ಡನ್ ಮೇಡಂ ರಿಜಿಸ್ಟರಿನ್ಯಾಗ
ನನ್ನ ಹೆಸರಿನ ಮುಂದ
ಒಂದ ಕೆಂಪು ಮೀನು ಬರೀತಾರ.
ಅವರ ಸಹಿ ಅದು.

ಮೊದಲನೇ ರಾತ್ರಿ ನಿದ್ದಿ ಬರಲಿಲ್ಲ.
ಗ್ವಾಡಿಗೆ ಅಂಗೈ ಹಚ್ಚಿ ನೋಡಿದೆ.
ತಣ್ಣಗ, ಸುಮ್ಮಗ.
ನಾಡಿ ಸಿಗಲಾರದ ಕೈ ಹಿಡದಂಗಾತು.
ಕಿಡಕ್ಯಾಗ, ದೂರ ಕಪ್ಪತಗುಡ್ಡದ ಮ್ಯಾಲೆ
ಗಾಳಿಯಂತ್ರದ ಕೆಂಪು ದೀಪ
ಒಮ್ಮೆಲೆ ಹತ್ತಿ ಒಮ್ಮೆಲೆ ಆರತಿದ್ವು.
ಅಷ್ಟು ದೊಡ್ಡ ರೆಕ್ಕಿ,
ಹಗಲೂ ರಾತ್ರಿ ಏನ ಬೀಸತಾವೋ,
ಹಿಟ್ಟಂತೂ ಕಾಣಲಿಲ್ಲ.

ಬಾಜೂ ಕಾಟಿನ ಸಕ್ಕೂಬಾಯಿ ಲಮಾಣಿ,
ಡೋಣಿ ತಾಂಡಾದಾಕಿ,
ಕಿವ್ಯಾಗ ಅರಳಿ ತುರಕೊಂಡು ಎದ್ದು ಕುಂತಿದ್ಲು.
"ಏನ ಗದ್ದಲ ಮಾರಾಯ್ತಿ ಇದು!"
ಯಾವ ಗದ್ದಲ?
"ನಳ. ಟ್ಯೂಬಿನ ಗುಂಯ್. ಮ್ಯಾಲಿನ ರೂಮಿನ ಚಪ್ಪಲಿ.
ಶಹರ ಶಹರ ಅಂತಾರಲ್ಲ, ಇದ ನೋಡು."
ನನಗ ನಗು ಬಂತು.
ಆಮ್ಯಾಲೆ ಕೇಳಸಾಕ ಹತ್ತಿತು:
ನಳ.
ಟ್ಯೂಬು.
ಚಪ್ಪಲಿ.

ಶ್ರಾವಣದಾಗ ಕಲತದ್ದು:
ಮಳಿ ಆದ ಮರುದಿನ ಶೂಸ್ ಹಾಕಬಾರದು,
ಎರಿ ಬಿಡೂದಿಲ್ಲ, ಸೋಲ್ ಬಿಡತೈತಿ.
ನವಿಲಿನ ಕೂಗು ಬೆಕ್ಕಿನಂಗ ಇರತೈತಿ.
(ವರಾಂಡಾದಾಗ ಹಾಲಿಟ್ಟು ಕಾದಿದ್ದೆ,
ಮೆಸ್ಸಿನ್ಯಾಗ ಇನ್ನೂ ಆಡಕೊಂಡು ನಗತಾರ.)
ಶೇಂಗಾ ನೆಲದಾಗ ಆಗೂದು ಗೊತ್ತಿತ್ತು,
ಹೂ ಮ್ಯಾಲೆ ಬಿಟ್ಟು
ತಾವ ತಲಿ ಬಗ್ಗಿಸಿ ಮಣ್ಣಿಗೆ ಇಳೀತಾವ ಅನ್ನೂದು
ಸಕ್ಕು ಬದುವಿನ ಮ್ಯಾಲೆ ಕುಂದರಿಸಿ ತೋರಿಸಿದ್ಲು.

ಒಂದಿನ ಮೆಸ್ಸಿನ ರೊಟ್ಟಿ ಮುರದು ಅಂದೆ:
ಗಿರಣಿ ಕಲ್ಲು ಸವದೈತಿ, ಉಳಿ ಬಡಸಬೇಕು.
ಅಡಗಿ ದ್ಯಾಮವ್ವ ಲಟ್ಟಣಗಿ ಹಿಡಕೊಂಡ ಹೊರಗ ಬಂದ್ಲು,
ಬೈತಾಳ ಅಂತ ತಿಳದೆ.
"ನಿನಗ್ಹೆಂಗ ಗೊತ್ತ ಯವ್ವಾ?"
ಮುಂದಿನ ಐತಾರ ಜ್ವಾಳದ ಚೀಲದ ಜೋಡಿ
ನನ್ನೂ ಬಾಜೂ ಊರಿಗೆ ಒಯ್ದಳು.
ಒಂದ ಖೋಲಿ, ತಗಡಿನ ಮಾಳಿಗಿ,
ಹಿಟ್ಟು ಹತ್ತಿ ಹುಬ್ಬು ಬೆಳ್ಳಗಾದ ಪೀರಸಾಬ.
ಬೆನ್ನ ಗ್ವಾಡಿಗೆ ಹಚ್ಚಿ ನಿಂತೆ.
ಪಟ್ಟಾ ಏರಿತು.
ಎಲುವಿನೊಳಗ ಒಬ್ಬೊಬ್ಬರ
ನಮ್ಮನಿ ಮಂದಿ ಏಳಾಕ ಹತ್ತಿದ್ರು.
"ಯಾಕವ್ವ ಕಣ್ಣಾಗ ನೀರು?"
ಹಿಟ್ಟು ಹೋಗೇತಿ.

ನಿನ್ನೆ ಅಪ್ಪಗ ಫೋನ್ ಹಚ್ಚಿದೆ, ಗಿರಣಿ ನಡದಿತ್ತು.
"ಹಲೋ! ಯಾರು? ಗಟ್ಟ್ಯಾಗಿ ಮಾತಾಡ್ರಿ!"
ನಾನಪಾ.
"ಕೇಳವಲ್ದು!"
ನಾನು.
"ಆರಾಮಿಲ್ಲೇನ? ದನಿ ಯಾಕ ಇಷ್ಟ ಸಣ್ಣ ಆಗೇತಿ?"
ಒದರಬೇಕಂತ ಬಾಯಿ ತಗದೆ.
ಒದರೂದು ಮರತಿತ್ತು.

ಪಟ್ಟಾ ಇಳಿಸಿದ ಸಪ್ಪಳ ಬಂತು.
ಗಿರಾಕಿ ಸಾಲು ಹಚ್ಚಿದ ನಡುಹಗಲಿನ್ಯಾಗ
ಅಪ್ಪ ಎಂದೂ ಗಿರಣಿ ನಿಂದ್ರಿಸಿದಾಂವಲ್ಲ.
ಆಮ್ಯಾಲೆ,
ನಾ ಎಂದೂ ಕೇಳಲಾರದ ಸಣ್ಣ ದನೀಲೆ,
"ಏನಾತು, ಹೇಳು."

ಏನೂ ಆಗಿಲ್ಲಪಾ.
ಇಲ್ಲಿ ಶೇಂಗಾ ಹೂ ಬಿಟ್ಟಾವ.