ಅಳಿಸುವ ಪೆನ್ನು

ತೂತು ಮೊದಲು, ಚಿತ್ರ ಆಮೇಲೆ.
ಬೊನಿಫಾಸರು ಕಲಿಸಿದ ಕ್ರಮ ಇದು:
ಪಂಚ್ ಹೊಡೆದ ಎರಡು ತೂತು ಪಿನ್ನಿನ ಮೇಲೆ
ಅಲುಗದೆ ಕೂತರೆ ಮಾತ್ರ ಮುಂದಿನ ಮಾತು.
ಕೂದಲೆಳೆಯಷ್ಟು ಜರುಗಿದರೂ
ಮದುಮಗಳ ತುಟಿಯ ಕೆಂಪು
ಗಲ್ಲಕ್ಕೆ ಇಳಿಯುತ್ತದೆ, ಮಾರಾಯ್ತಿ.

ಆಮೇಲೆ ಉಕ್ಕಿನ ಸ್ಕೇಲು. ಆಮೇಲೆ ಅಂಚಿನ ಪಟ್ಟಿ:
ಶೇಕಡಾ ಎರಡರ ಚುಕ್ಕಿ ಉಳಿದಿದೆಯೋ,
ತೊಂಬತ್ತೆಂಟರ ಕಪ್ಪಿನೊಳಗೆ
ಸಾಸಿವೆಯ ಚೂರಿನಷ್ಟು ಬೆಳಕು ಕಣ್ಣು ಬಿಟ್ಟಿದೆಯೋ.
ಭೂತಗನ್ನಡಿಗೆ ಒತ್ತಿ ಒತ್ತಿ
ನನ್ನ ಬಲಗಣ್ಣಿನ ಸುತ್ತ
ರಾತ್ರಿ ಊಟದವರೆಗೂ ಮಾಸದ ಒಂದು ಬಳೆ.

ಆವತ್ತು ಬೋಟಿನವರ ಕ್ಯಾಲೆಂಡರ್.
ಬಿಜೈಯಲ್ಲಿ ನವೆಂಬರಿಗೂ ಬೆವರು,
ಈ ಕೋಣೆಯಲ್ಲಿ ಮಾತ್ರ ಹಳದಿ ದೀಪ, ಎ.ಸಿ.ಯ ಗುಂಯ್.
ಕಪ್ಪಿನ ಪ್ಲೇಟು ತುಂಬ ಅಂಕಿ:
ಉಬ್ಬರ ಎಷ್ಟು ಹೊತ್ತಿಗೆ, ಎಷ್ಟು ಎತ್ತರ.
ಖಾಲಿ ಜಾಗದಲ್ಲಿ ಹನ್ನೊಂದು ಧೂಳಿನ ಕಲೆ.
ಅಳಿಸುವ ಪೆನ್ನು ತೆಗೆದು
ಒಂದೊಂದನ್ನೇ ಮುಟ್ಟುತ್ತ ಹೋದೆ.
ಕೈಗೆ ರುಚಿ ಹತ್ತಿತೋ ಏನೋ,
ಹನ್ನೆರಡನೆಯದನ್ನೂ ಮುಟ್ಟಿತು.

ಪ್ರೂಫಿನ ಪಕ್ಕ ಬೆರಳಿಟ್ಟು ಓದುವಾಗ ತಿಳಿಯಿತು.
ಒಂದಕ್ಕೂ ನಾಲ್ಕಕ್ಕೂ ನಡುವೆ ಇದ್ದದ್ದು ಧೂಳಲ್ಲ.
ಮಾರ್ಚ್ ಒಂಬತ್ತು, ಉಬ್ಬರ ಹದಿನಾಲ್ಕು ಮೀಟರ್.

ಅಷ್ಟು ಏರಿದರೆ ಬಂದರು ಮುಳುಗಿ,
ಹಂಪನಕಟ್ಟೆಯ ಸಿಟಿ ಬಸ್ಸು ತೇಲಿ,
ಬಂಗುಡೆ ತಾವಾಗಿಯೇ ಮಾರ್ಕೆಟ್ಟಿಗೆ ಬಂದಾವು.

ಪಡಿಯಾರರು ಪ್ಲೇಟಿನ ರೇಟು ನೆನೆದು ಹೇಳಿದರು:
"ಅದನ್ನು ಯಾರು ನೋಡ್ತಾರೆ?
ಸಮುದ್ರದವರಿಗೆ ಸಮುದ್ರ ಗೊತ್ತುಂಟು."
ಸರಿಯೇ. ನಮ್ಮ ಭಾವ ವಾಮನ ಪುತ್ರನ್
ಅಳಿವೆಬಾಗಿಲ ನೊರೆ ನೋಡಿಯೇ ನೀರು ಹೇಳುತ್ತಾನೆ;
ಕ್ಯಾಲೆಂಡರ್ ಅವನಿಗೆ
ಗ್ಯಾಸ್ ಬಂದ ತಾರೀಕು ಬರೆದಿಡಲಿಕ್ಕೆ.

ಆದರೆ ತೆಗೆದವಳು ನಾನು.
ಅಳಿಸುವ ಪೆನ್ನು ಉಂಟು ನಮ್ಮಲ್ಲಿ,
ಚುಕ್ಕಿ ಇಡುವ ಪೆನ್ನಿಲ್ಲ.
ಸಂಬಳದಲ್ಲಿ ಮುರಿದರೆ ಮುರಿಯಲಿ ಎಂದೆ.
ಮುರಿದರು, ಅರ್ಧ.
ಹೊಸ ಪ್ಲೇಟು ಬಂತು. ಮತ್ತೆ ತೂತು ಮೊದಲು.

ಹಳೆಯದನ್ನು ಭಾವ ಕೇಳಿ ಒಯ್ದ.
ಬೆಂಗ್ರೆಯಲ್ಲಿ ಕೋಳಿಗೂಡಿನ ಮಾಡಿಗೆ ಬಡಿದಿದ್ದಾನೆ,
ನಾಲ್ಕು ಮೊಳೆ, ಒಂದೂ ನೆಟ್ಟಗಿಲ್ಲ.
ಭಾನುವಾರ ದೋಣಿ ದಾಟಿ ಹೋದಾಗ
ಬಲಗಣ್ಣು ತಾನಾಗಿ ಹುಡುಕುತ್ತದೆ:
ಮಾರ್ಚ್ ಒಂಬತ್ತು.
ಹದಿನಾಲ್ಕು ಮೀಟರ್ ನೀರಿನಡಿ
ಬೂದು ಹೇಂಟೆಯೊಂದು ಕಾವು ಕೂತಿದೆ,
ಹತ್ತಿರ ಹೋದರೆ ಕುಕ್ಕುತ್ತದೆ.