ನಡುವಿನ ಸೊನ್ನೆ

ಮಂಡಿ ಮೊಹಲ್ಲಾದ ನನ್ನ ಅಂಗಡಿಗೆ ಮೂವರು ಬಂದರು.
ಅಂಗೈಯೆಲ್ಲ ಕಪ್ಪು, ಬೆರಳ ಸಂದಿಯಲ್ಲಿ ಜಿಗಟು,
ಸೀರೆಯ ತುಂಬ ಇದ್ದಿಲು, ಗಂಧ, ಬೆವರು.
ಸಾವಿರ ಊದುಕಡ್ಡಿಗೆ ಕೂಲಿ ಎಷ್ಟೆಂದು ನಾನು ಕೇಳಲಿಲ್ಲ.
ಎಂಟು ಮೊಳ ಬಟ್ಟೆ ಹಾಸಿ
"ಏನ್ ಬರೀಲಿ?" ಅಂದೆ.
"ಬೆಂಬಲಿಸಿ ಅಂತ ದಪ್ಪಕ್ಕೆ ಬರಿ ಮಾಯಿಗಣ್ಣ,
ಮಿಕ್ಕಿದ್ದು ನಿನ್ನಿಷ್ಟ" ಅಂದಳು ದೊಡ್ಡತಾಯಮ್ಮ.

ದಪ್ಪಕ್ಕೇ ಬರೆದೆ. ತೂಕ ಬರಲಿ ಅಂತ
ಎರಡನೇ ಬ-ದ ಹೊಟ್ಟೆಯನ್ನೂ ಸೀಳಿದೆ:
ಬೆಂಭಲಿಸಿ.

ಎದುರಿನ ಪ್ರೆಸ್ಸಿನಲ್ಲಿ ನಲವತ್ತು ವರ್ಷ ಪ್ರೂಫ್ ತಿದ್ದಿದ ಗುರುಶಾಂತಪ್ಪ
ಟೀ ಲೋಟ ತುಳುಕಿಸಿಕೊಂಡೇ ರಸ್ತೆ ದಾಟಿದರು.
"ಅದರ ಹೊಟ್ಟೆ ಯಾಕಯ್ಯ ಸೀಳಿದೆ?
ಆ ಮಾತಿಗೆ ಇರೋದು ಹೊಟ್ಟೆಯಲ್ಲ, ಬೆನ್ನು.
ಬೆನ್ನು, ಬೆನ್ನಿಗೆ ಬಲ.
ಬಲ ಅಂದರೆ ಹಿಂದೆ ದಂಡೂ ಹೌದು."

"ಬೆನ್ನಿನ ನ ಎಲ್ಲಿ ಹೋಯ್ತು ಮತ್ತೆ?"
"ಬ-ದ ಪಕ್ಕ ಕೂತೂ ಕೂತೂ ಸವೆದು
ಸೊನ್ನೆ ಆಯ್ತು."

ಜೈತುನ್‌ಬಿ ನಕ್ಕಳು:
"ಹೋದ ಸಲ ಸ್ಟೇಷನ್ನಲ್ಲಿ ಬೇರೆ ಮಾತು ಬರಕೊಂಡ್ರು,
ಕುಮ್ಮಕ್ಕು ಅಂತ."
"ಅದೂ ನೆರವೇ ಕಣಮ್ಮ. ಪಾರಸಿ ಕಡೆಯಿಂದ
ದಂಡಿನ ಜತೆ ಬಂದದ್ದು;
ದಾರೀಲಿ ಹೆಸರು ಕೆಡಿಸಿಕೊಂಡಿತು."
ಲೋಟದ ತಳ ನೋಡುತ್ತ ಇನ್ನೊಂದು ಮಾತು ಸೇರಿಸಿದರು:
"ಬೆಂಬತ್ತುವವನೂ ಬೆನ್ನ ಹಿಂದೆಯೇ ಬರ್ತಾನೆ.
ತಿರುಗಿ ನೋಡೋತನಕ
ಯಾರು ಯಾರೋ."

ಅಷ್ಟು ಹೊತ್ತು ಸುಮ್ಮನಿದ್ದ ಕಿರಿಯವಳು
ಬಣ್ಣದ ಡಬ್ಬಿಗೆ ಹೇಳುವಂತೆ ಹೇಳಿದಳು:
"ನಮ್ಮ ರೂಮಲ್ಲಿ ಒರಗೋಕೆ ಗೋಡೆ ಇಲ್ಲ.
ಸೂರಿನ ತನಕ ಕಡ್ಡಿ ಕಟ್ಟು.
ಅದಕ್ಕೇ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರ್ತೀವಿ.
ಬೆಳಗಿಂದ ಸಂಜೆಗಂಟ ಅವಳ ಮುಖ ಕಾಣಲ್ಲ.
ಕೆಮ್ಮಿದರೆ ಮಾತ್ರ
ನನ್ನ ಎದೆಗೆ ಗೊತ್ತಾಗುತ್ತೆ."

ಗುರುಶಾಂತಪ್ಪ ಟೀ ಕುಡಿಯಲಿಲ್ಲ.
ನಲವತ್ತು ವರ್ಷದಲ್ಲಿ ಮೊದಲ ಸಲ
ತಿದ್ದಲು ಅವರಿಗೆ ಏನೂ ಸಿಗಲಿಲ್ಲವೇನೋ.

ಸೀಮೆಎಣ್ಣೆ ಬಟ್ಟೆಯಿಂದ ಸೀಳು ಒರೆಸಿದೆ.
ಪೂರ್ತಿ ಹೋಗಲಿಲ್ಲ; ಗಾಯದ ಕಲೆಯಂತೆ ಉಳಿಯಿತು.
ಸೊನ್ನೆಗೆ ಇನ್ನೊಂದು ಕೈ ಬಣ್ಣ ಕೊಟ್ಟೆ, ಕೆಂಪು.

ಮಾರನೆಯ ದಿನ ಪುರಭವನದ ಮುಂದೆ
ಬಾಕಿ ಇನ್ನೂರು ರೂಪಾಯಿ ಕೇಳಲು ಹೋದೆ.
ಕೋಲು ಹಿಡಿದಿದ್ದ ಹುಡುಗ ನೀರಿಗೆ ಹೋಗಬೇಕಿತ್ತಂತೆ,
"ಒಂಚೂರು ಹಿಡ್ಕಳಿ ಅಣ್ಣ" ಅಂದ, ಹೋದ.
ಬ್ಯಾನರಿನ ಮುಂದೆ ಕೂಗು, ಕ್ಯಾಮೆರಾ, ಬಿಸಿಲು.
ನಾನು ಬಟ್ಟೆಯ ಹಿಂದೆ.
ಗಾಳಿ ಒಂದೇ ಸಮ ಎಳೆಯುತ್ತಿತ್ತು.

ಹಿಂದಿನಿಂದ ನನ್ನ ಅಕ್ಷರ ನಾನೇ ಓದಲಾರೆ,
ಬ ತಿರುಗಿ, ಲ ತಿರುಗಿ, ಸಿ ಮೊದಲಿಗೆ ಬಂದು.
ಸೊನ್ನೆ ಒಂದೇ
ಅಲ್ಲಿಂದಲೂ ಸೊನ್ನೆ,
ಬಿಸಿಲು ತೂರಿ ಕೆಂಪಗೆ.

ಹುಡುಗ ಬರುವುದು ತಡವಾಯಿತು.
ನಡು ಹಿಡಿದುಕೊಂಡಿತು.
ಇನ್ನೂರು ಕೇಳಿದೆನೋ ಇಲ್ಲವೋ, ನೆನಪಿಲ್ಲ.