ಎರಡರಿಂದ ಹನ್ನೊಂದು

ಲಾಸ್ ಏಂಜಲೀಸಿನಿಂದ ಬರುತ್ತಿದ್ದದ್ದು ಎರಡೇ ಚಿತ್ರ:
ಒಂದು, ಆಮೇಲೆ ಹನ್ನೆರಡು.
ಒಂದರಲ್ಲಿ ನೀರುನಾಯಿ ಬಂಡೆಯ ತುದಿಗೆ,
ಹಿಂಗಾಲು ಮಡಿಸಿ, ಕಣ್ಣು ಮೀನಂಗಡಿಯ ಮೇಲೆ.
ಹನ್ನೆರಡರಲ್ಲಿ ಅದು ಆಚೆ ದಡದಲ್ಲಿ,
ಬಾಯಲ್ಲಿ ಮೀನು, ಬಾಲಕ್ಕೆ ಬೆಂಕಿ.
ನಡುವಿನ ಹೊಳೆ ದಾಟಿದ್ದು ಹೇಗೆ
ಎಂಬುದು ಮಾತ್ರ
ಮನಿಲಾದಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ,
ಲುಸ್‌ವಿಮಿಂದಾಳ ಪಾಲಿನ ಕೆಲಸ.

ಲುಸೋನ್, ವಿಸಾಯಸ್, ಮಿಂಡನಾವೊ:
ದೇಶದ ಮೂರೂ ತುಂಡು ಹೊಲಿದು ಅಪ್ಪ ಇಟ್ಟ ಹೆಸರು.
ಗೆಳತಿಯರಿಗೆ ಬರೀ ಮಿಂದಾ.
ನಮ್ಮ ಮಾತಲ್ಲಾದರೆ ಸ್ನಾನ ಮುಗಿಸಿದವಳು.
ಕೊರಿಯರ್ ಹೊರಡುವ ವಾರ
ಅವಳಿಗೆ ಅದಕ್ಕೂ ಪುರುಸೊತ್ತಿಲ್ಲ.

ಹಾಳೆಗೆ ನಾಲ್ಕು ಪೆಸೊ.
ಗೆರೆ ನಡುಗಿದರೆ ವಾಪಸ್ಸು; ವಾಪಸ್ಸಾದದ್ದಕ್ಕೆ ಕೂಲಿಯಿಲ್ಲ.
ಗಾಜಿನಡಿಯ ದೀಪ ಮುಂಗೈ ಬೇಯಿಸುತ್ತದೆ,
ಬೆವರಿಗೆ ಕಾಗದ ಅಂಟದಿರಲೆಂದು
ಮಗುವಿನ ಪೌಡರು ಅಂಗೈ ಅಂಚಿಗೆ.
ಕರೆಂಟು ಹೋದರೆ ಗಾಜು ಎತ್ತಿಕೊಂಡು ಕಿಟಕಿಗೆ,
ಸೂರ್ಯನಿಗೆ ಬಿಲ್ಲಿಲ್ಲ.

ಐದರಲ್ಲಿ ಮೈ ಹಿಗ್ಗಬೇಕು, ಇಲ್ಲವಾದರೆ ಭಾರ ತಿಳಿಯದು.
ಏಳರಲ್ಲಿ ಕಿವಿ ಗಾಳಿಗೆ ಹಿಂದೆ ಬೀಳಬೇಕು.
ಇದನ್ನೆಲ್ಲ ಯಾರೂ ಬರೆದು ಕಳಿಸಿರಲಿಲ್ಲ.
ಎಂಟರಲ್ಲಿ ಅವಳು ಒಂದು ಚೂರು ಭಯ ಹಾಕಿದಳು,
ತನ್ನದೇ, ಮನೆಯಿಂದ ತಂದದ್ದು.

ಶನಿವಾರ ಟಿವಿ ಮುಂದೆ ಮಗಳು ಮರೀಫ್ಲೋರ್:
"ನಿನ್ನದು ಯಾವುದಮ್ಮಾ?"
"ಈಗ ಹೋಯಿತಲ್ಲ, ಅದು."
"ಎಲ್ಲಿ?"
"ಹೋಯಿತು."
ಕೊನೆಗೆ ಹೆಸರುಗಳ ಪಟ್ಟಿ. ವಕೀಲರಿದ್ದರು,
ಕಾಫಿ ತಂದುಕೊಟ್ಟವರಿದ್ದರು. ಪಟ್ಟಿ ಮನಿಲಾಗೆ ಇಳಿಯುವಾಗ
ಸೋಪಿನ ಜಾಹೀರಾತು ಅರ್ಧ ಪರದೆ ತಳ್ಳಿ ಕೂತಿತು,
ಉಳಿದರ್ಧದಲ್ಲಿ ಕಂಪನಿಯ ಹೆಸರೊಂದೇ.
ಇಡೀ ದೇಶ ಹಿಡಿಸಿದ್ದ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಮಗಳಿಗೆ ನೀರುನಾಯಿಯ ಟಿಫಿನ್ ಡಬ್ಬಿಯೇ ಬೇಕು.
ಇನ್ನೂರ ಎಂಬತ್ತು ಪೆಸೊ. ಮಿಂದಾ ಬೆರಳು ಮಡಿಚಿದಳು:
ಎಪ್ಪತ್ತು ಹಾಳೆ. ನೆಗೆತಕ್ಕೆ ಹತ್ತರಂತೆ
ಏಳು ಸಲ ಹೊಳೆ ಹಾರಿಸಿದರೆ
ತಾನು ಹಾರಿಸಿದ್ದು ತನ್ನ ಮನೆಗೆ ಬರುತ್ತದೆ,
ಮುಚ್ಚಳದ ಮೇಲೆ, ಅಲುಗದೆ.
ಕೊಂಡಳು. ಬೈದುಕೊಂಡೇ ಕೊಂಡಳು.

ಆಮೇಲೆ ಸ್ಟುಡಿಯೊ ಮಾರಿಹೋಯಿತಂತೆ; ಕೊಂಡವನು ಇನ್ನೊಬ್ಬನಿಗೆ,
ಅವನು ಕೇಬಲ್ ಕಂಪನಿಗೆ.
ನೀರುನಾಯಿಯ ಬೆಲೆ ಪ್ರತಿ ಸಲವೂ ಏರಿತು.
ಹಾಳೆಗೆ ಎರಡೂವರೆ ಸಾಕೆನ್ನುವ ಊರೊಂದು ಸಿಕ್ಕ ದಿನ
ಪೆಟ್ಟಿಗೆ ಬರಲಿಲ್ಲ.
ಮರುದಿನವೂ ಇಲ್ಲ. ಕೆಳಗೆ ಬ್ರೆಡ್ಡು ಬೇಯುವ ವಾಸನೆ.
ಈಗಂತೂ ಒಂದು ಮತ್ತು ಹನ್ನೆರಡು ಕೊಟ್ಟರಾಯಿತು,
ನಡುವಿನದನ್ನು ಯಂತ್ರವೇ ಊಹಿಸುತ್ತದೆ.
ಅದರ ಎಂಟರಲ್ಲಿ ಭಯವಿಲ್ಲ.

ಮೊನ್ನೆ ಜೀಪ್ನಿಯ ಕಿಟಕಿಯಿಂದ ಕಂಡದ್ದು:
ಬಿಡಿ ಸಿಗರೇಟು ಮಾರುವ ಹುಡುಗ, ಕೊರಳಲ್ಲಿ ಪೆಟ್ಟಿಗೆ,
ಮೋರಿಯ ಅಂಚಿಗೆ ಬಂದು ಮೊಣಕಾಲು ಮಡಿಸಿದ.
ಅರವತ್ತರ ಮಿಂದಾಳ ಬಾಯಿ ತಾನಾಗಿ ಎಣಿಸತೊಡಗಿತು,
ದಲವಾ, ತತ್ಲೊ, ಆಪತ್, ಲಿಮಾ...
ಮೈ ಹಿಗ್ಗಿತು, ಸರಿಯಾಗಿದೆ,
ಆನಿಮ್...
ಸಿಗ್ನಲ್ ಬಿಟ್ಟಿತು. ಜೀಪ್ನಿ ಹೊರಟಿತು.
ಹುಡುಗ ಇನ್ನೂ ಮೇಲೆ.